ಎರಡು ಪಾಳಿಯ ಹಡಗು

ಬೀದರ್

ಲಂಡನ್ನಿಗೆ ಹೋಗುವ ವಿಮಾನ ಯಾವ ಯಾವ ಕಾರಣಕ್ಕೆ ಬೀಳಬಹುದು ಎಂಬುದನ್ನು ಹೊರಡುವ ಮೊದಲೇ ಯೋಚಿಸಿ ಮುಗಿಸಿದ್ದೆ. ಬೀಳದೆ ಹೋದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಬಿದ್ದರೆ ಹೆಂಡತಿಗೆ ಒಂದು ಉತ್ತರ ಕೊಡುವುದು ತಪ್ಪುತ್ತಿತ್ತು. ತಲುಪಿದರೆ ಕೊಡಲೇಬೇಕಿತ್ತು.

ಬೀದರಿನ ಗಂಜ್‌ನಲ್ಲಿ, ಊರಿನ ದೊಡ್ಡ ಪೇಟೆಯಲ್ಲಿ, ನನ್ನದೊಂದು ಚಹಾಪುಡಿಯ ಸಗಟು ಅಂಗಡಿ ಇದೆ. ನಮಗೆ ಮಾಲು ಕೊಡುವ ಕಂಪನಿಯವರು, ಹೆಚ್ಚು ಮಾರಿದ ಅಂಗಡಿಯವರನ್ನು ಆಗಾಗ ಎಲ್ಲಿಗಾದರೂ ಸುತ್ತಾಡಿಸಿ ತರುತ್ತಾರೆ. ಈ ಸಲ ಲಂಡನ್ ಎಂದರು. ಅಂಗಡಿಗೆ ಒಂದೇ ಸೀಟು. ಎರಡಿದ್ದರೂ ಶಾಂತಾ ಬರುತ್ತಿದ್ದಳೋ ಇಲ್ಲವೋ. ನನ್ನ ಹೆಂಡತಿ ಶಾಂತಾ ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಅವಳದು ಯಾವಾಗಲೂ ರಾತ್ರಿ ಪಾಳಿ.

ಮೊದಲಿಗೆ ಹಾಗಿರಲಿಲ್ಲ. ಜೊತೆಯ ಸಿಸ್ಟರುಗಳಿಗೆ ಸಣ್ಣ ಸಣ್ಣ ಮಕ್ಕಳಿದ್ದವು. ನಮಗೆ ಮಕ್ಕಳಾಗಲಿಲ್ಲ. 'ಈ ವಾರ ಒಂದು ನನ್ನ ನೈಟ್ ನೀವು ಮಾಡ್ರಿ ಅಕ್ಕಾ' ಎಂದು ಒಬ್ಬಳು ಕೇಳುವಳು, ಮುಂದಿನ ವಾರ ಇನ್ನೊಬ್ಬಳು. ಇಲ್ಲ ಎನ್ನುವುದು ಶಾಂತಾಳಿಗೆ ಬರುವುದಿಲ್ಲ. ಬರುಬರುತ್ತ ಯಾರೂ ಕೇಳುವುದನ್ನೇ ಬಿಟ್ಟರು, ರಾತ್ರಿ ಎಲ್ಲ ಅವಳದೇ ಆಯಿತು. ಮುಂಜಾನೆ ನಾನು ಅಂಗಡಿಗೆ ಹೊರಡುವಾಗ ಅವಳು ಚಪ್ಪಲಿ ಬಿಡುತ್ತಿರುತ್ತಾಳೆ. ರಾತ್ರಿ ನಾನು ಚಪ್ಪಲಿ ಬಿಡುವಾಗ ಮನೆಯಲ್ಲಿ ಅವಳಿರುವುದಿಲ್ಲ. ಹೋಟೆಲಿನವರು, ಗಾಡಿಯವರು ಮರುದಿನದ ಪುಡಿ ಒಯ್ಯುವುದು ಸಂಜೆಗೇ ಆದ್ದರಿಂದ ನನ್ನ ಅಂಗಡಿ ಹೊತ್ತು ಮುಳುಗಿದ ಮೇಲೇ ಕಳೆಗಟ್ಟುವುದು. ಭಾನುವಾರವೂ ಅಷ್ಟೆ. ಒಂದೇ ಮಂಚದ ಮೇಲೆ ಇಬ್ಬರೂ ಮಲಗುತ್ತೇವೆ, ಬೇರೆ ಬೇರೆ ಹೊತ್ತಿನಲ್ಲಿ.

ಈಗ ಅವಳ ದವಾಖಾನೆಯವರು, ಬಸ್ಸಿನಲ್ಲಿ ತಾಸಿನ ಮೇಲಿನ ಹಾದಿಯ ಔರಾದದಲ್ಲಿ ಒಂದು ಶಾಖೆ ತೆರೆಯುವವರಿದ್ದರು. ಎಕಂಬಾ, ಠಾಣಾ ಕುಶನೂರ ಕಡೆಯ ಮಂದಿ ಹೆರಿಗೆಗೆ ಬೀದರಿನವರೆಗೆ ಬರುವುದು ತಪ್ಪಲಿ ಎಂದು. ಶಾಂತಾಳಿಗೆ ಅಲ್ಲಿ ಹಗಲು ಪಾಳಿ ಕೊಡುತ್ತಾರೆ, ಆದರೆ ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇರಬೇಕು. ಅವಳಿಗೆ ಬಿ.ಪಿ. ಬಂದಿದೆ, ಹಗಲು ನಿದ್ದೆ ಹತ್ತುವುದಿಲ್ಲ. ಹೋಗಬೇಡ ಎಂದರೆ ನಾನು ಪಾಪಿ. ಹೋಗು ಎಂದರೆ, ಮುಂಜಾನೆ ಬಾಗಿಲಲ್ಲಿ ಕಾಣುವ ಆ ಚಪ್ಪಲಿಯೂ ಹೋಯಿತು.

ನಾನು ಹೈದರಾಬಾದಿನ ಬಸ್ ಹತ್ತುವ ದಿನ ಡ್ಯೂಟಿ ಮುಗಿಸಿ ನೇರವಾಗಿ ಬಸ್‌ಸ್ಟ್ಯಾಂಡಿಗೇ ಬಂದಳು.

"ಔರಾದದ ಮಾತು ಶನಿವಾರ ಹೇಳ್ಬೇಕಂತ್ರಿ," ಎಂದಳು.

"ನಿನ್ನ ಇಷ್ಟ."

"ನನ್ನ ಇಷ್ಟ ನನಗ ಗೊತ್ತದ. ನಿಮ್ಮದು ಕೇಳ್ಲತ್ತೀನಿ ನಾ. ಇಷ್ಟು ವರ್ಷ ಏನು ಕೇಳಿದರೂ ಇದೇ ಮಾತು. ಹೋಗು ಅನ್ರಿ, ಇಲ್ಲಾ ಬ್ಯಾಡ ಅನ್ರಿ. ಶುಕ್ರವಾರ ನಾ ಡ್ಯೂಟಿಗಿ ಹೋಗೋ ಮೊದಲ ಫೋನ್ ಮಾಡ್ರಿ."

"ಅಲ್ಲಿ ಫೋನ್ ಹತ್ತದಿದ್ದರ?"

"ಹತ್ತತದ," ಎಂದಳು. ಗುಳಿಗೆಗಳ ಪೊಟ್ಟಣ ಕೈಗಿಟ್ಟಳು. ಜ್ವರಕ್ಕೆ, ಹೊಟ್ಟೆಗೆ, ನೆಗಡಿಗೆ, ಒಂದೊಂದರ ಮೇಲೂ ಅವಳ ದುಂಡಗಿನ ಅಕ್ಷರ. ಚಿಂತೆಗೆ ಗುಳಿಗೆ ಇರಲಿಲ್ಲ.

ಲಂಡನ್, ಹೋಟೆಲಿನ ಕೋಣೆ

ಕೋಣೆಯಲ್ಲಿ ನನಗೆ ಜೊತೆಯಾದವನು ಭಾಲ್ಕಿಯ ಸಲೀಮ್ ಭಾಯಿ. ಅವನೂ ಚಹಾಪುಡಿಯವನೇ. ಅವರ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿ ಹೇಳುತ್ತಾನೆ. ಹಲ್ಲುಜ್ಜುವಾಗ ವಿಡಿಯೋ ಕರೆ, ಉಣ್ಣುವಾಗ ವಿಡಿಯೋ ಕರೆ. ಸೇತುವೆ ಕಂಡರೆ ಅಮ್ಮಿಗೆ ತೋರಿಸಬೇಕು, ಪೊಲೀಸನ ಕುದುರೆ ಕಂಡರೆ ಮೊಮ್ಮಗಳಿಗೆ. ಮೂರು ದಿನ ಲಂಡನ್ನನ್ನು ಅವನು ಫೋನಿನ ಬೆನ್ನಿನಿಂದಲೇ ನೋಡಿದ. ಆದರೂ ಅವನ ಲಂಡನ್ನಿನಲ್ಲಿ ಗದ್ದಲವಿತ್ತು. ನನ್ನ ಲಂಡನ್ನಿನಲ್ಲಿ ನಾನೊಬ್ಬನೇ ಇದ್ದೆ.

"ಬಸಣ್ಣ ಶೇಟ್, ನಿಮ್ಮ ಫೋನ್ ಚಾಲೂ ಅದ ಇಲ್ಲೋ? ಬಂದಾಗಿಂದ ಒಂದು ಸಲನೂ ಬಾರಿಸಿಲ್ಲ," ಎಂದ.

"ಈಗ ಅಲ್ಲಿ ಅವಳು ಮಲಗೋ ಹೊತ್ತು."

"ಮುಂಜಾನೆನೂ ಹಂಗೇ ಅಂದ್ರಿ, ಸಂಜೀಗೂ ಹಂಗೇ ಅಂದ್ರಿ. ಭಾಬಿ ಎಷ್ಟು ಮಲಗ್ತಾರ್ರಿ?"

ಸಂಜೆ ಹೇಳಿದ್ದು ಡ್ಯೂಟಿಯ ಹೊತ್ತು ಎಂದು. ತಿದ್ದಲಿಲ್ಲ. ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಹಿಂದೆ. ಶಾಂತಾ ಎಚ್ಚರವಾಗಿರುವ, ವಾರ್ಡಿನಲ್ಲೂ ಇಲ್ಲದಿರುವ ಹೊತ್ತು ಇಲ್ಲಿಯ ಲೆಕ್ಕದಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಒಂದಿಷ್ಟು ಗಳಿಗೆ. ಆ ಗಳಿಗೆ ಬಂದಾಗಲೆಲ್ಲ ನಾನು ಫೋನ್ ತೆಗೆದು, ಚಾರ್ಜ್ ಇದೆಯೇ ನೋಡಿ, ಮತ್ತೆ ಒಳಗಿಟ್ಟೆ.

ಇಲ್ಲಿಯ ರೈಲು ನೆಲದ ಕೆಳಗೆ ಓಡುತ್ತದೆ. ಕೂತವರ ಮಂಡಿಗೆ ನಿಂತವರ ಮಂಡಿ ತಾಗುತ್ತದೆ, ಆದರೂ ಒಬ್ಬರು ಇನ್ನೊಬ್ಬರ ಮುಖ ನೋಡುವುದಿಲ್ಲ. ಬೀದರಿನಿಂದ ಭಾಲ್ಕಿಯ ಬಸ್ ಹತ್ತಿದರೆ ಊರಂಚಿನ ನೌಬಾದ ದಾಟುವುದರೊಳಗೆ ಪಕ್ಕದವನು ನಿಮ್ಮ ಊರು, ಅಡ್ಡಹೆಸರು, ಮಕ್ಕಳೆಷ್ಟು ಎಲ್ಲ ಕೇಳಿ ಮುಗಿಸಿರುತ್ತಾನೆ. ಆ ಕೊನೆಯ ಪ್ರಶ್ನೆಗೆ ಹೆದರಿ ನಾನು ಎಷ್ಟೋ ಸಲ ಕಿಟಕಿಗೆ ತಲೆಯಾನಿಸಿ ನಿದ್ದೆ ಬಂದವನಂತೆ ನಟಿಸಿದ್ದೇನೆ. ಇಲ್ಲಿ ನಟಿಸುವ ಅಗತ್ಯವೇ ಇಲ್ಲ. ಯಾರೂ ಕೇಳುವುದಿಲ್ಲ. ಎರಡನೆಯ ದಿನಕ್ಕೆ, ಯಾರಾದರೂ ಕೇಳಲಿ ಅನ್ನಿಸಿತು. ಒಬ್ಬ ನನ್ನ ಕಾಲು ತುಳಿದ. ನಾನೇ ತುಳಿದವನಂತೆ ಕ್ಷಮೆ ಕೇಳಿದೆ, ಅವನೂ ಕೇಳಿದ. ಆ ದಿನ ಹೊರಗಿನವರೊಡನೆ ನಾನಾಡಿದ ಮಾತು ಅದೊಂದೇ.

ಗ್ರೀನಿಚ್

ಶುಕ್ರವಾರ ಕಂಪನಿಯವರು ನಮ್ಮನ್ನು ಒಂದು ಹಡಗಿಗೆ ಕರೆದೊಯ್ದರು. ಚಹಾ ಮಾರುವವರು ಚಹಾ ಹೊತ್ತ ಹಡಗು ನೋಡಬೇಡವೇ ಎಂದು.

ನೂರೈವತ್ತು ವರ್ಷಕ್ಕೂ ಹಳೆಯದು. ಈಗ ನೀರಿನಲ್ಲಿಲ್ಲ. ನದಿಯ ದಂಡೆಯಲ್ಲಿ ಗಾಜಿನ ಮಾಡಿನ ನಡುವೆ ಎತ್ತಿ ನಿಲ್ಲಿಸಿದ್ದಾರೆ. ನೋಡುವವರು ಅದರ ತಳದ ಕೆಳಗೂ ಓಡಾಡಬಹುದು. ಅಷ್ಟು ದೊಡ್ಡದು ನೆತ್ತಿಯ ಮೇಲಿರುವಾಗ ಅದನ್ನು ಹಿಡಿದ ಕಂಬಿಗಳು ಗಟ್ಟಿಯಿವೆಯೋ ಇಲ್ಲವೋ ಎಂದು ನಾನು ಒಂದೊಂದನ್ನೇ ನೋಡುತ್ತ ನಡೆದೆ. ಹಾಯಿ ಕಟ್ಟುವ ಮೂರು ಕಂಬ, ಎಣಿಸಲಾಗದಷ್ಟು ಹಗ್ಗ. ಚೀನಾದಿಂದ ಹೊಸ ಚಹಾ ತುಂಬಿಕೊಂಡು, ಆಫ್ರಿಕಾದ ತುದಿ ಸುತ್ತಿ, ಬರೀ ಗಾಳಿಯ ಬಲದಿಂದ ಓಡಿ ಬರುತ್ತಿದ್ದ ಹಡಗುಗಳು ಇವು. ಆ ವರ್ಷದ ಚಹಾ ಮೊದಲು ಯಾರದು ಮುಟ್ಟಿತೋ ಅವರ ಮಾಲಿಗೆ ಬೇಡಿಕೆ. ಆಮೇಲೆ ಸುವೇಜ್ ಕಾಲುವೆ ಆಯಿತು, ಹೊಗೆ ಬಿಡುವ ಹಡಗುಗಳು ಆ ಹತ್ತಿರದ ದಾರಿ ಹಿಡಿದು ಬೇಗ ಬರತೊಡಗಿದವು. ಇವು ಚಹಾ ಬಿಟ್ಟು ಉಣ್ಣೆ ಹೊತ್ತವು, ಸಿಕ್ಕಿದ್ದು ಹೊತ್ತವು.

ಒಳಗೆ, ಹಡಗಿನ ಹೊಟ್ಟೆಯಲ್ಲಿ, ಮರದ ಚಹಾ ಪೆಟ್ಟಿಗೆಗಳ ಸಾಲು. ಬೆರಳು ತೂರದಂತೆ ಒತ್ತಿ ಒತ್ತಿ ಇಡುತ್ತಿದ್ದರಂತೆ. ಕೂಲಿಯವರು ಮರದ ಸುತ್ತಿಗೆಯಿಂದ ಬಡಿದು ಕೂಡಿಸುತ್ತಿದ್ದರಂತೆ. ಕೆಳಗೆ ಗುಂಡುಕಲ್ಲಿನ ಹಾಸು, ನೀರು ಮುಟ್ಟದಿರಲೆಂದು. ವಾಸನೆಯ ಮಾಲು ಯಾವುದೂ ಹತ್ತಿರ ಬರುವಂತಿಲ್ಲ. ಅದನ್ನು ಓದಿದಾಗ ಮನೆಗೆ ಬಂದಂತಾಯಿತು. ನನ್ನ ಅಂಗಡಿಯಲ್ಲೂ ಊದುಬತ್ತಿ ಹಚ್ಚುವುದಿಲ್ಲ. ಪೂಜೆಗೆ ದೀಪ ಅಷ್ಟೆ. ದೇವರು ತಿಳಿದುಕೊಳ್ಳುತ್ತಾನೆ, ಚಹಾ ತಿಳಿದುಕೊಳ್ಳುವುದಿಲ್ಲ.

ಒಂದು ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಒಳಗೆ ಕಪ್ಪು ಎಲೆ. ನನ್ನ ಕೈ ನನ್ನನ್ನು ಕೇಳಲಿಲ್ಲ.

ನಮ್ಮ ಧಂದೆಯಲ್ಲಿ ತೆರೆದ ಪೆಟ್ಟಿಗೆ ಕಂಡರೆ ಒಂದು ಚಿಟಿಕೆ ಎತ್ತಿ ಮುಂದಿನ ಹಲ್ಲಿನಲ್ಲಿ ಕಡಿದು, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ಪಕ್ಕಕ್ಕೆ ಉಗುಳುತ್ತೇವೆ. ಕಡಿಯುವವರೆಗೆ ಎಲ್ಲ ಸರಿಯಾಯಿತು. ಉಗುಳಬೇಕೆಂದು ಪಕ್ಕಕ್ಕೆ ತಿರುಗಿದರೆ ಕನ್ನಡಿಯಂಥ ನೆಲ, ಒಬ್ಬ ಮುದುಕಿಯ ಬಿಳಿ ಬೂಟು. ಲಂಡನ್ನಿನಲ್ಲಿ ಉಗುಳುವುದೆಲ್ಲಿ? ನುಂಗಿದೆ.

ಬೂಟಿನ ಒಡತಿ ಹಡಗಿನ ಬಗ್ಗೆ ಜನರಿಗೆ ಹೇಳಲು ಅಲ್ಲಿ ನಿಂತಿದ್ದವಳು. ಎದೆಯ ಮೇಲೆ ಡೋರಥಿ ಎಂದು ಬರೆದ ಬಿಲ್ಲೆ. ಹೆದರಿದ ಮುಖದಿಂದ, "ಅದನ್ನು ತಿಂದಿರಾ?" ಎಂದಳು. ಮೂಸಿ ನೋಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ತಿನ್ನಬೇಡಿ ಎಂದು ಬರೆಯಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

"ಹುಳ ಹಿಡಿಯದಂತೆ ಏನಾದರೂ ಹೊಡೆದಿದ್ದಾರೋ ಏನೋ, ನನಗೆ ಗೊತ್ತಿಲ್ಲ. ಕೇಳುತ್ತೇನೆ. ನೀವು ಕೂತುಕೊಳ್ಳಿ," ಎಂದಳು.

ಕೂತೆ. ಸಾವಿನ ಬಗ್ಗೆ ನನಗೆ ಬಹಳ ವರ್ಷಗಳ ಸಿದ್ಧತೆಯಿದೆ, ಆದರೆ ಚಹಾದಿಂದ ಎಂದು ಊಹಿಸಿರಲಿಲ್ಲ. ಗಂಜ್‌ನಲ್ಲಿ ಸುದ್ದಿ ಹೇಗೆ ಹಬ್ಬುತ್ತದೆ ಎಂಬುದೂ ಕಣ್ಣಿಗೆ ಕಂಡಿತು.

ಸಲೀಮ್ ಭಾಯಿ ಓಡಿ ಬಂದ. ಅವನ ಬಾಯಿ ಫೋನಿನಲ್ಲಿ ತೊಡಗಿದ್ದರಿಂದ ಎಲೆ ಕಡಿಯದೆ ಬದುಕಿಕೊಂಡಿದ್ದ. "ಫಿಕರ್ ನಕ್ಕೋ ಶೇಟ್. ಗಂಜಿನ ಧೂಳ ಕುಡಿದ ಹೊಟ್ಟಿ ಅದು. ಇವರ ಚಾ ಏನ್ ಮಾಡೀತು?" ಎಂದ. ಸ್ವಲ್ಪ ತಡೆದು, ಮೆಲ್ಲಗೆ ಕೇಳಿದ: "ಹ್ಯಾಂಗಿತ್ತು ಮಾಲು?"

"ಹಳೇದು. ಸತ್ವ ಇಲ್ಲ," ಎಂದೆ.

ಹಡಗಿನ ಮೇಲೆ

ಒಳಗೆ ಉಸಿರು ಕಟ್ಟುತ್ತದೆ ಎಂದದ್ದಕ್ಕೆ ಡೋರಥಿ ನನ್ನನ್ನು ಮೇಲೆ, ಹಡಗಿನ ತೆರೆದ ಮಾಳಿಗೆಗೆ ಕರೆತಂದಳು. ಕಚೇರಿಯವರು ವಿಚಾರಿಸಿ ಹೇಳುವ ತನಕ ನನ್ನನ್ನು ಒಬ್ಬನೇ ಬಿಡುವಂತಿಲ್ಲವಂತೆ. ಸಲೀಮ್ ಭಾಯಿ ನೀರು ತರಲು ಹೋದ. ನನಗೆ ಏನೂ ಆಗದಿರಲಿ ಎಂದು ಅವಳು ಮಾತಾಡತೊಡಗಿದಳೆಂದು ಕಾಣುತ್ತದೆ. ನನ್ನ ಅರ್ಧಂಬರ್ಧ ಇಂಗ್ಲಿಷಿಗೆ ತಕ್ಕಂತೆ ನಿಧಾನವಾಗಿ ಮಾತಾಡಿದಳು. ಆ ಊರಿಗೆ ಬಂದ ಮೇಲೆ ನನ್ನೊಡನೆ ಪಕ್ಕದಲ್ಲಿ ಕೂತು ಮಾತಾಡಿದ ಮೊದಲ ಲಂಡನ್ನಿನವಳು. ಅದಕ್ಕೆ ನಾನು ವಿಷ ತಿನ್ನಬೇಕಾಯಿತು.

ಎದುರಿಗೆ ನಾವಿಕರು ಮಲಗುತ್ತಿದ್ದ ಗೂಡು. ಒಂದರ ಮೇಲೊಂದು ಹಲಗೆಯ ಮಂಚ. ಕಾಲು ಚಾಚುವಷ್ಟೂ ಇಲ್ಲ.

"ಇಷ್ಟು ಜನ ಇಷ್ಟೇ ಜಾಗದಲ್ಲಿ ಮಲಗುತ್ತಿದ್ದರೇ?" ಎಂದೆ.

"ಎಲ್ಲರೂ ಒಟ್ಟಿಗೆ ಮಲಗಿದರಲ್ಲವೇ ಆ ಚಿಂತೆ," ಎಂದಳು. "ಹಡಗಿನವರನ್ನು ಎರಡು ಪಾಳಿ ಮಾಡುತ್ತಿದ್ದರು. ಒಂದು ಪಾಳಿ ಹಾಯಿ, ಹಗ್ಗ, ಚುಕ್ಕಾಣಿ ನೋಡಿಕೊಳ್ಳುತ್ತಿದ್ದರೆ ಇನ್ನೊಂದು ಪಾಳಿ ಮಲಗಬೇಕು. ನಾಲ್ಕು ತಾಸಿಗೊಮ್ಮೆ ಬದಲಿ. ಮಳೆಯಿರಲಿ, ಚಳಿಯಿರಲಿ. ಒದ್ದೆ ಬಟ್ಟೆಯಲ್ಲೇ ಮಲಗಿ ಒದ್ದೆ ಬಟ್ಟೆಯಲ್ಲೇ ಏಳುತ್ತಿದ್ದರು. ಗಾಳಿ ಜೋರಾಗಿ ಹಾಯಿ ಇಳಿಸಬೇಕೆಂದರೆ ಮಲಗಿದವರನ್ನೂ ಎಬ್ಬಿಸುತ್ತಿದ್ದರು."

"ಕುಡಿಯಲು ಒಳ್ಳೆಯ ಚಹಾ ಆದರೂ ಇತ್ತಲ್ಲ."

ಡೋರಥಿ ನಕ್ಕಳು. "ಹೊತ್ತು ತಂದದ್ದು ಬೇರೆಯವರಿಗೆ. ಅವರಿಗೆ ಸಿಗುತ್ತಿದ್ದದ್ದು ಅತ್ತ ಚಹಾ ಅಲ್ಲ, ಇತ್ತ ನೀರಲ್ಲ, ಅಂಥದ್ದು."

ನನಗೆ ಬೇರೊಂದು ಕೇಳಬೇಕಿತ್ತು. ಹೇಗೆ ಕೇಳುವುದೆಂದು ತಿಳಿಯದೆ, "ಹಾಗಾದರೆ ಈ ಪಾಳಿಯವರು ಆ ಪಾಳಿಯವರ ಮುಖವನ್ನೇ ನೋಡುತ್ತಿರಲಿಲ್ಲವೇ?" ಎಂದೆ.

"ಬದಲಿಯಾಗುವಾಗ ಬಾಗಿಲಲ್ಲಿ ನೋಡುತ್ತಿದ್ದರು," ಎಂದಳು.

ನಾನು ಆ ಗೂಡಿನ ಬಾಗಿಲನ್ನು ನೋಡಿದೆ.

"ಆದರೆ ಸಂಜೆ ಹಾಗಲ್ಲ," ಎಂದು ಮುಂದುವರಿಸಿದಳು. "ದಿನವನ್ನು ಸರಿಸಮ ಕತ್ತರಿಸಿದರೆ ನಡುರಾತ್ರಿಯ ಪಾಳಿ ದಿನವೂ ಅದೇ ಜನರಿಗೆ ಬೀಳುತ್ತಿತ್ತು. ಯಾವಾಗಲೂ ಅವರಿಗೇ ರಾತ್ರಿ ಎಂದರೆ ಅನ್ಯಾಯವಲ್ಲವೇ? ಅದಕ್ಕೆ ಸಂಜೆಯ ಪಾಳಿಯೊಂದನ್ನು ಮುರಿದು ಎರಡು ತುಂಡು ಮಾಡಿದರು. ಆಗ ದಿನಕ್ಕೆ ಆರರ ಬದಲು ಏಳು ಪಾಳಿಯಾಗಿ ಸರದಿ ತಾನಾಗಿ ಸರಿಯುತ್ತದೆ. ಆ ತುಂಡಿಗೆ ನಾಯಿ ಪಾಳಿ ಎಂದು ಹೆಸರು, ಯಾಕೋ ಕೇಳಬೇಡಿ. ಆ ಹೊತ್ತಿನಲ್ಲಿ ಹವಾ ಚೆನ್ನಾಗಿದ್ದರೆ ಯಾರೂ ಮಲಗುತ್ತಿರಲಿಲ್ಲ. ಎರಡೂ ಪಾಳಿಯವರು ಇಲ್ಲೇ, ನೀವು ಕೂತಿರುವ ಕಡೆ, ಬಟ್ಟೆಗೆ ತೇಪೆ ಹಾಕುತ್ತ, ತಂಬಾಕು ಸೇದುತ್ತ, ಹಾಡುತ್ತ ಕೂತಿರುತ್ತಿದ್ದರು. ಅಷ್ಟು ತಿಂಗಳು ಸಮುದ್ರದ ಮೇಲೆ ತಲೆ ಕೆಡದೆ ಉಳಿದದ್ದು ಅದರಿಂದಲೇ ಎಂದು ನಾನು ನಂಬಿದ್ದೇನೆ."

ಎರಡು ಹಡಗು ಪೈಪೋಟಿಯಲ್ಲಿ ಓಡುತ್ತಿದ್ದ ಕಾಲ. ಒಂದು ಗಳಿಗೆ ತಡವಾದರೆ ಮಾಲಿನ ಬೆಲೆ ಇಳಿಯುವ ಕಾಲ. ಅಂಥ ಕಾಲದಲ್ಲೂ ಒಂದು ಪಾಳಿಯನ್ನು ಮುರಿಯಲು ಅವರಿಗೆ ಮನಸ್ಸಾಗಿತ್ತು. ನಾನು ಚಹಾ ಮಾರುವುದು ಬೀದರಿನ ಗಂಜ್‌ನಲ್ಲಿ. ನನ್ನ ಹಿಂದೆ ಯಾವ ಹಡಗೂ ಬರುತ್ತಿರಲಿಲ್ಲ.

ಅವಳ ಫೋನು ರಿಂಗಾಯಿತು. ಕೇಳಿಸಿಕೊಂಡು ನನ್ನ ತೋಳು ತಟ್ಟಿದಳು. "ಏನೂ ಹೊಡೆದಿಲ್ಲವಂತೆ. ಬರೀ ಚಹಾ. ಚಿಕ್ಕ ಮಕ್ಕಳು ಆಗಾಗ ಬಾಯಿಗೆ ಹಾಕಿಕೊಳ್ಳುತ್ತಾರಂತೆ. ದೊಡ್ಡವರಲ್ಲಿ ನೀವೇ ಮೊದಲು."

ಸಲೀಮ್ ಭಾಯಿ ನೀರು ತಂದಿದ್ದ. ಕುಡಿದೆ. ಮಧ್ಯಾಹ್ನದ ಆ ಗಳಿಗೆ ಮುಗಿಯುತ್ತ ಬಂದಿತ್ತು. ಫೋನ್ ತೆಗೆದೆ. ಚಾರ್ಜ್ ನೋಡಲಿಲ್ಲ.

ಅಲ್ಲೇ, ಕಂಬದ ಬುಡದಲ್ಲಿ

"ಹಲೋ," ಎಂದಳು ಶಾಂತಾ. ಹಿಂದೆ ಕುಕ್ಕರಿನ ಸೀಟಿ.

ಧೈರ್ಯ ಸಾಲದೆ ಮೊದಲು ಚಹಾ ತಿಂದ ಸುದ್ದಿ ಹೇಳಿದೆ.

"ವಾಂತಿ ಬಂದಂಗ ಆಗ್ಲತ್ತದೇನು?"

"ಇಲ್ಲ."

"ಬಾಯಿ ಉರೀಲತ್ತದೇನು?"

"ಇಲ್ಲ. ಬರೀ ಚಹಾ ಅಂತ."

"ಮತ್ತ ಯಾಕ ಹಿಂಗ ಏದುಸಿರು ಬಿಡ್ಲತ್ತೀರಿ?"

"ಔರಾದದ ಮಾತು ಹೇಳ್ಬೇಕಾಗಿತ್ತು."

ಒಲೆ ಆರಿಸಿದ ಸದ್ದು ಕೇಳಿಸಿತು. "ಹೇಳ್ರಿ," ಎಂದಳು.

"ಹೋಗು."

"ಆಯ್ತು ಬಿಡ್ರಿ," ಎಂದಳು. ದನಿ ಇದ್ದಕ್ಕಿದ್ದಂತೆ ದವಾಖಾನೆಯದಾಯಿತು, ಪರರಿಗೆ ಹೇಳುವಂಥದು. "ನಾಳಿ ಮುಂಜಾನಿ ಹೇಳ್ತೇನಿ ಅವ್ರಿಗಿ. ಜ್ವಾಕಿಲೆ ಬರ್ರಿ."

"ಶಾಂತಾ, ಇಡಬ್ಯಾಡ. ಮಾತು ಮುಗಿದಿಲ್ಲ. ನಾನೂ ಬರ್ತೇನಿ ಅಲ್ಲಿಗಿ. ಸಂಜಿ ಅಂಗಡಿ ಮುಚ್ಚಿ ಔರಾದದ ಬಸ್ ಹಿಡೀತೇನಿ. ಮುಂಜಾನಿ ಎದ್ದು ಅಂಗಡಿಗಿ ಹೋಗ್ತೇನಿ."

"ಸಂಜಿ ಮುಚ್ತೀರಿ? ಗಿರಾಕಿ ಬರೋ ಹೊತ್ತಿನ್ಯಾಗ?"

"ಮುಂಜಾನಿ ಬರ್ಲಿ ಅವರು. ಬರದವರು ಬ್ಯಾಡ."

"ಒಂದಿನ ಎರಡು ದಿನದ ಮಾತಲ್ಲ. ದಿನಾ ಅದು."

"ದಿನಾ."

"ಚಾದಾಗ ಏನರ ಇತ್ತೇನ್ರಿ?" ಎಂದಳು. ನಕ್ಕಳು ಎಂದುಕೊಂಡೆ. ಸಲೀಮ್ ಭಾಯಿ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ತನ್ನ ಫೋನನ್ನು ಜೇಬಿನೊಳಗಿಟ್ಟು ನದಿಯ ಕಡೆ ತಿರುಗಿ ನಿಂತ.

"ಒಂದು ಕೇಳ್ಲಿ? ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು ಶಾಂತಾ. "ಇಬ್ರೂ ಎಚ್ಚರಿದ್ದು, ಒಂದೇ ಹೊತ್ತಿಗಿ ಮನ್ಯಾಗ ಕುಂತ್ರ, ಏನ್ ಮಾತಾಡೋದ್ರಿ ನಾವು?"

ನಾನು ಇಷ್ಟೆಲ್ಲ ವಿಷಯಗಳಿಗೆ ಚಿಂತೆ ಮಾಡಿದವನು, ಇದೊಂದಕ್ಕೆ ಮಾಡಿರಲಿಲ್ಲ. ಹೆದರಿಕೆ ಅವಳೊಬ್ಬಳದಾಗಿರಲಿಲ್ಲ ಎಂದು ಆಗ ತಿಳಿಯಿತು. "ಗೊತ್ತಿಲ್ಲ," ಎಂದೆ.

"ನನಗೂ ಗೊತ್ತಿಲ್ರಿ," ಎಂದಳು. ಡ್ಯೂಟಿಗೆ ಹೊತ್ತಾಗಿತ್ತು. ಆದರೂ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಅಲ್ಲಿ ನಲ್ಲಿಯ ನೀರು ಬೀಳುತ್ತಿತ್ತು, ಇಲ್ಲಿ ತಲೆಯ ಮೇಲೆ ಹಗ್ಗಗಳು ಗಾಳಿಗೆ ಗುಂಯ್‌ಗುಡುತ್ತಿದ್ದವು.

ಔರಾದ

ವಿಮಾನ ಬರುವಾಗಲೂ ಬೀಳಲಿಲ್ಲ. ಒಂದು ತಿಂಗಳ ಮೇಲೆ ಶಾಂತಾ ಔರಾದಕ್ಕೆ ಹೋದಳು. ನಾನು ಮೊದಲ ದಿನ ಬೆಳಕಿರುವಾಗಲೇ ಅಂಗಡಿಯ ಬಾಗಿಲು ಎಳೆದದ್ದನ್ನು ನೋಡಿ, ಎದುರಿನ ಬೆಲ್ಲದ ಅಂಗಡಿಯವನು ಯಾರು ತೀರಿಹೋದರು ಎಂದು ಕೇಳಿಕೊಂಡು ಬಂದ. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಮನೆಗೆ, ಎಂದೆ. ಕಿಟಕಿಗೆ ತಲೆಯಾನಿಸಲಿಲ್ಲ.

ಕ್ವಾರ್ಟರ್ಸು ಎಂದರೆ ಎರಡು ಕೋಣೆ, ಮುಂದೊಂದು ಬೇವಿನ ಮರ. ಶಾಂತಾ ಡ್ಯೂಟಿ ಮುಗಿಸಿ ಮುಖ ತೊಳೆದು ಕೂತಿದ್ದಳು. ಸಂಜೆಯ ಬೆಳಕಿನಲ್ಲಿ ಅವಳನ್ನು ನೋಡಿ ಎಷ್ಟು ದಿನವಾಗಿತ್ತೋ. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಕುರ್ಚಿಯ ಮೇಲೆ ನೆಟ್ಟಗೆ ಕೂತೆವು, ಹೆಣ್ಣು ನೋಡಲು ಬಂದವರ ಹಾಗೆ. ಬಸ್ಸಿನಲ್ಲಿ ಗದ್ದಲ ಇತ್ತೇನು ಎಂದಳು, ಇತ್ತು ಎಂದೆ. ವಾರ್ಡಿನಲ್ಲಿ ಗದ್ದಲ ಇತ್ತೇ ಎಂದೆ, ಇಲ್ಲ ಎಂದಳು. ಮಾತು ಮುಗಿಯಿತು.

ಏನಾದರೂ ಮಾಡೋಣ ಎಂದು ಎದ್ದು ಒಲೆ ಹಚ್ಚಿ ಪಾತ್ರೆಯಿಟ್ಟೆ. ನನ್ನದೇ ಅಂಗಡಿಯ ಒಳ್ಳೆಯ ಪುಡಿ ತಂದಿದ್ದೆ.

"ನಿನಗ ಸಕ್ಕರಿ ಎಷ್ಟು ಹಾಕ್ಲಿ?" ಎಂದೆ.

ಅವಳು ನನ್ನನ್ನೇ ನೋಡಿದಳು. "ನಾ ಚಾ ಬಿಟ್ಟು ನಾಕು ವರ್ಷ ಆಯ್ತಲ್ರಿ."

ಚಮಚ ನನ್ನ ಕೈಯಲ್ಲೇ ಉಳಿಯಿತು. ನೀರು ಕುದಿಯತೊಡಗಿತ್ತು.

"ಯಾಕ ಬಿಟ್ಟಿ? ಮತ್ತ ಏನ್ ಕುಡೀತಿ?"

ಅವಳು ಎದ್ದು ಬಂದು ಒಲೆ ಸಣ್ಣ ಮಾಡಿದಳು.

"ಕೂಡ್ರಿ," ಎಂದಳು. "ಹೇಳ್ತೇನಿ."